ಇಪ್ಪತ್ತೊಂಬತ್ತನೆಯ ದಿನ

“ಗುರುಗಳೇ, ಮೂರು ಮಠಗಳಲ್ಲಿ ಕಲಿತೆ. ಎಲ್ಲಿಯೂ ತಿಳಿವು ದಕ್ಕಲಿಲ್ಲ. ಇಲ್ಲಿಗೆ ಬಂದೂ ತಿಂಗಳಾಗುತ್ತ ಬಂತು, ಇಲ್ಲಿಯೂ ಹಾಗೆಯೇ. ದೋಷ ನನ್ನಲ್ಲಿದೆಯೇ?” ಎಂದು ಶಿಷ್ಯ ನಾಗಿದೇವ ಕೇಳಿದ. ಯಾವ ಮಠದಲ್ಲಿಯೂ ಹೊಸಬನಿಗೆ ಮೊದಲ ತಿಂಗಳು ಕೆಲಸ ಹಚ್ಚುತ್ತಿರಲಿಲ್ಲ. ಇಲ್ಲವೆಂದು ಗುರುಗಳ ಬಾಯಿಂದಲೇ ಬಂದರೆ, ಮರುದಿನವೇ ಐದನೆಯ ಮಠಕ್ಕೆ ಹೊರಡಲು ಅಪ್ಪಣೆ ಬೇಡಬಹುದೆಂದು ಅವನು ಎಣಿಸಿದ್ದ.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಸರಕಿನ ಎತ್ತುಗಳು ಮೂರು ರಾಜ್ಯಗಳನ್ನು ಹಾಯ್ದು ಹೋಗಬೇಕಿತ್ತು. ದಾರಿಯಲ್ಲಿ ನೀರಿರಲಿಲ್ಲ. ಒಂದೊಂದು ರಾಜ್ಯದಲ್ಲಿ ಒಂದೊಂದು ಬಾವಿ ತೋಡಿಸಲು ಅವನು ತಿಂಗಳ ಸಂಬಳಕ್ಕೆ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡ.

ಮೂರು ರಾಜ್ಯಗಳಲ್ಲಿಯೂ ಒಂದೇ ಕಟ್ಟಳೆ. ಹೊರಗಿನಿಂದ ಬಂದು ದುಡಿಯುವವನು ಇಪ್ಪತ್ತೊಂಬತ್ತು ದಿನ ಅತಿಥಿ. ಮೂವತ್ತನೆಯ ದಿನವೂ ಹಾರೆ ಹಿಡಿದರೆ ಸಂಬಳದ ಆರರಲ್ಲಿ ಒಂದು ಪಾಲು ಆ ನಾಡಿನ ಅರಸನಿಗೆ.

ಕೆಲಸಗಾರ ಗಟ್ಟಿಗ. ಇಪ್ಪತ್ತೊಂಬತ್ತು ದಿನಕ್ಕೆ ಒದ್ದೆ ಮಣ್ಣು ಮುಟ್ಟುವಷ್ಟು ಆಳಕ್ಕೆ ಇಳಿಯುತ್ತಿದ್ದ. ಅಂದು ಸಂಜೆಯೇ ಮೇಲೆ ಹತ್ತಿ ಹಾರೆ ಹೆಗಲಿಗೇರಿಸಿ ಗಡಿ ದಾಟುತ್ತಿದ್ದ.

ಒಂದೂರಿನ ಮುದುಕಿ ಖಾಲಿ ಕೊಡ ಹಿಡಿದು ಅವನ ದಾರಿಗೆ ಅಡ್ಡ ನಿಂತಳು. “ಹೀಗೆ ಬಿಟ್ಟು ಹೋಗುತ್ತೀಯಲ್ಲೋ ಮಗನೇ! ನಾಳೆ ನೀರು ಬರುತ್ತದೆ.”

“ನೀರೊಂದೇ ಆದರೆ ನಿಲ್ಲುತ್ತಿದ್ದೆ ಅಜ್ಜಿ. ಅದರ ಜೊತೆಗೆ ತೆರಿಗೆಯವನೂ ಬರುತ್ತಾನೆ.”

ಮೂರು ರಾಜ್ಯ ಸುತ್ತಿ ಮರಳುವಷ್ಟರಲ್ಲಿ ಹಳೆಯ ಗುಂಡಿ ಕುಸಿದು ತುಂಬಿರುತ್ತಿತ್ತು. ಅವನು ಮತ್ತೆ ಮೇಲಿನಿಂದ ಅಗೆಯುತ್ತಿದ್ದ, ಮತ್ತೆ ಒಂದರಿಂದ ದಿನ ಎಣಿಸುತ್ತಿದ್ದ.

ವರ್ಷ ಕಳೆಯಿತು. ಬಾಯಾರಿದ ಎತ್ತುಗಳನ್ನು ಹೊಡೆದುಕೊಂಡು ವರ್ತಕ ತಾನೇ ಬಂದ.

“ಬಾವಿ ಎಲ್ಲಯ್ಯಾ?”

“ಬಾವಿಯ ಮಾತು ಹಾಗಿರಲಿ ಧಣಿ. ಒಂದು ವರ್ಷ ಮೂರು ರಾಜ್ಯಗಳಲ್ಲಿ ದುಡಿದೆ. ಒಬ್ಬ ಅರಸನಿಗೂ ಬಿಡಿಗಾಸು ಕೊಟ್ಟಿಲ್ಲ!”

“ಭಲೇ! ಇನ್ನು ಮೇಲೆ ಆ ಭಯವೇ ಬೇಡ. ತೆರಿಗೆ ಹಾಕುವುದಕ್ಕೆ ನಿನಗೆ ಸಂಬಳವೇ ಇರುವುದಿಲ್ಲ” ಎಂದು ವರ್ತಕ ಅವನ ಕೈಯಿಂದ ಹಾರೆ ಕಿತ್ತುಕೊಂಡ.

ನಾಗಿದೇವ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. “ಎಂಥ ಪೆದ್ದ, ಗುರುಗಳೇ! ಇನ್ನೊಂದು ದಿನ ನಿಂತಿದ್ದರೆ ಅವನ ಗಂಟೇನು ಹೋಗುತ್ತಿತ್ತು?”

ಅವನ ನಗು ಮುಗಿಯುವವರೆಗೆ ಗುರುಗಳು ಕಾದರು. ಆಮೇಲೆ ಕೇಳಿದರು:

“ನಾಳೆಯಿಂದ ಕೊಟ್ಟಿಗೆ ಗುಡಿಸುವ ಸರದಿ ನಿನ್ನದಲ್ಲವೇ, ನಾಗಿದೇವ?”