ಎಳೆಜೇನು ಮತ್ತು ಅವಳ ಕಾವಲುಗಾರ

"ಕುಂಬಳದ ಬಳ್ಳಿ ಎತ್ತ, ಮಾವ?" ಎಂದು ದಾರಿ ತಪ್ಪಿದ, ದುಂಡಿ ಎಂಬ ಎಳೆಜೇನು ಒಂದು ಸಗಣಿಹುಳುವನ್ನು ಕೇಳಿದಳು.

"ಪರಗಂಡಸರ ಹತ್ತಿರ ಮಾತೇ? ದಾರಿ ನನಗೆ ಗೊತ್ತು!" ಎಂದು ಜೊತೆಗಿದ್ದ ಗಂಡುಜೇನು ಗದರಿದ.

ಹೆಣ್ಣುಜೇನು ಗಂಡಿನ ಕಾವಲಿಲ್ಲದೆ ಹಾರಕೂಡದೆಂದು ಅಂದೇ ಗೂಡಿನಲ್ಲಿ ಕಾಯಿದೆಯಾಗಿತ್ತು. ಕಾವಲುಗಾರನೋ ಹುಟ್ಟಿದಾಗಿನಿಂದ ಗೂಡು ಬಿಟ್ಟವನಲ್ಲ; ಅವನ ಹಿಂದೆ ಹಾರಿಯೇ ದಾರಿ ತಪ್ಪಿತ್ತು. ಕಾಯಿದೆಗೆ ಮುನ್ನ, ಮುಂಜಾನೆ ಕುಡಿದ ಮಧುವಿಗೆ ಬದಲಾಗಿ ಕುಂಬಳದ ಹೆಣ್ಣುಹೂವಿಗೆ ಪರಾಗ ತರುವೆನೆಂದು ದುಂಡಿ ಮಾತು ಕೊಟ್ಟಿದ್ದಳು. ಬಿಸಿಲೇರಿ ಹೂ ಮುಚ್ಚಿಕೊಂಡರೆ ಕಾಯಿ ಕಟ್ಟುವಂತಿರಲಿಲ್ಲ.

ಅಷ್ಟರಲ್ಲಿ ಕಣಜವೊಂದು ಎರಗಿತು. ಗಂಡುಜೇನು ದುಂಡಿಯ ಬೆನ್ನ ಹಿಂದೆ ಅವಿತ.

"ಕುಟುಕು, ಅಣ್ಣಾ!" ಎಂದಳು ದುಂಡಿ.

"ಗಂಡುಗಳಿಗೆ ಮುಳ್ಳಿರೋದಿಲ್ಲ, ತಾಯೀ!"

ದುಂಡಿ ತನ್ನ ಮುಳ್ಳಿನಿಂದ ಚುಚ್ಚಿ ಕಣಜವನ್ನು ಓಡಿಸಿದಳು. ಸಗಣಿಹುಳು ನಗು ತಡೆದುಕೊಂಡು, "ಬೇಲಿಯಾಚೆ ಎಡಕ್ಕೆ, ಕೂಸೇ" ಎಂದ.

"ನಾನು ಬರುವವರೆಗೆ ಇವನನ್ನು ಕಾಯ್ತಿರಿ, ಮಾವ" ಎಂದು ಹಾರಿದ ದುಂಡಿ, ಬಳ್ಳಿಯ ಗಂಡುಹೂವಿನ ಪರಾಗವನ್ನು ಕಾಲಿಗೆ ಮೆತ್ತಿಕೊಂಡು, ಮುಚ್ಚುತ್ತಿದ್ದ ಹೆಣ್ಣುಹೂವಿನೊಳಗೆ ನುಗ್ಗಿ, ಅದನ್ನೆಲ್ಲ ಕೊಡವಿ ಋಣ ತೀರಿಸಿದಳು.