ಛೀಮಾರಿಯ ಕರಡು

ಹೊಸ ಶಾಸಕನೊಬ್ಬ ಸದನದಲ್ಲಿ ಮಸೂದೆ ಹರಿದು ಸಭಾಧ್ಯಕ್ಷ ನಿರ್ವಾಣಪ್ಪನವರ ಪೀಠದತ್ತ ಎಸೆದಿದ್ದ. ಮರುದಿನ ಬೆಳಿಗ್ಗೆ ಅವರು ವಿಧಾನಸಭೆಯ ಹಳೇ ಗುಮಾಸ್ತನನ್ನು ಕೊಠಡಿಗೆ ಕರೆಸಿದರು.

“ಹನ್ನೊಂದಕ್ಕೆ ಸದನ. ಅವನಿಗೆ ಛೀಮಾರಿ ಹಾಕಬೇಕು, ಬರೆದು ತನ್ನಿ. ಕೇಳಿದವನು ಮತ್ತೆ ತಲೆ ಎತ್ತಬಾರದು. ಮಾತು ಮೆತ್ತಗಿದ್ದರೆ ನಿಮಗೆ ಎತ್ತಂಗಡಿ.”

ಗುಮಾಸ್ತ ಬರೆಯಲು ಕೂರಲೇ ಇಲ್ಲ. ಹಳೆಯ ನಡಾವಳಿಯ ಸಂಪುಟ ತೆಗೆದು ಅರ್ಧ ಪುಟ ನಕಲು ಮಾಡಿದ. ಹೆಸರಿನ ಜಾಗ ಖಾಲಿ ಬಿಟ್ಟು ತಂದುಕೊಟ್ಟ.

ನಿರ್ವಾಣಪ್ಪನವರು ಗಟ್ಟಿಯಾಗಿ ಓದಿದರು. “‘ಈ ಸದನದಲ್ಲಿ ಕೂರುವ ಯೋಗ್ಯತೆಯೇ ಇಲ್ಲದ ಪುಂಡ.’ ಭೇಷ್. ಎಲ್ಲೋ ಕೇಳಿದ ಹಾಗಿದೆಯಲ್ಲ?”

“ಇಪ್ಪತ್ತೆರಡು ವರ್ಷದ ಹಿಂದಿನ ಸಭಾಧ್ಯಕ್ಷರ ಮಾತು ಸಾರ್. ಒಬ್ಬ ಹೊಸ ಶಾಸಕರಿಗೆ ಹೇಳಿದ್ದು.”

“ಆಮೇಲೆ ಅವನು ತಲೆ ಎತ್ತಿರಲಿಕ್ಕಿಲ್ಲ.”

“ಎತ್ತಿದರು ಸಾರ್. ಮೊದಲು ಮುಖ್ಯ ಸಚೇತಕರಾದರು. ಆಮೇಲೆ ವಿರೋಧ ಪಕ್ಷದ ನಾಯಕರಾದರು. ಈಗ ನನಗೆ ಎತ್ತಂಗಡಿ ಅಂತಿದ್ದಾರೆ.”

ನಿರ್ವಾಣಪ್ಪನವರು ಹೆಸರಿಗೆ ಬಿಟ್ಟ ಆ ಖಾಲಿ ಜಾಗವನ್ನು ನೋಡಿದರು. ಕಾಗದವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

“ಅವನನ್ನ ಟೀಗೆ ಕರೀರಿ,” ಎಂದರು. “ಮುಂದೆ ಬರೋ ಹಾಗೆ ಕಾಣ್ತಾನೆ.”