ಪಾಪುವಿನ ತಲೆ

ಸಚಿವ ಪುಟ್ಟಮಾದಪ್ಪನವರು ಲಂಚ ತಿಂದರೆಂದು ಊರೆಲ್ಲ ಗುಲ್ಲಾಗಿತ್ತು. ಹಣದ ಚೀಲವನ್ನು ಕಾರಿಗೆ ಹೊತ್ತು ತಂದಿದ್ದವನು ಅವರ ಡ್ರೈವರ್.

"ಅಂಥ ಚೀಲ ನೋಡೇ ಇಲ್ಲ ಅಂತ ದೇವರ ಮುಂದೆ ಆಣೆ ಮಾಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದರು ಸಚಿವರು.

ಗುಡಿಯಲ್ಲಿ ಪತ್ರಕರ್ತರು ನೆರೆದರು. ಸಚಿವರು ಮೊಮ್ಮಗಳನ್ನು ಎತ್ತಿಕೊಂಡೇ ಬಂದರು. ಅರ್ಚಕರು ಕರ್ಪೂರ ಹಚ್ಚಿದರು.

ಡ್ರೈವರ್ ಕೈಮುಗಿದ. "ನಿಮ್ಮ ಉಪ್ಪು ತಿಂದೋನು, ಆಣೆ ಮಾಡ್ತೀನಿ ಬುದ್ಧಿ. ಆದ್ರೆ ನಮ್ಮ ಕಡೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡಬೇಕು. ನನಗೆ ಮಕ್ಕಳಿಲ್ಲ. ಪಾಪುನ ಇತ್ತ ಕೊಡಿ."

ಅವನು ಕೈ ಚಾಚಿದ. ಸಚಿವರು ಥಟ್ಟನೆ ಹಿಂದೆ ಸರಿದು ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿದರು.

ಪತ್ರಕರ್ತರ ಕ್ಯಾಮೆರಾಗಳು ಮಿಂಚಿದವು. ಕರ್ಪೂರ ಉರಿದು ಆರಿತು.

ಸಂಜೆ ರಾಜೀನಾಮೆ ಕೊಡಲು ಹೋಗುವಾಗ ಸಚಿವರು ಹಿಂದಿನ ಸೀಟಿನಿಂದ ಕೇಳಿದರು: "ನಿಜವಾಗ್ಲೂ ಕೈ ಇಡ್ತಿದ್ಯೇನೋ?"

"ಅದಕ್ಕೆ ಮೊದಲೇ ನಿಮ್ಮ ಕೈ ಬರುತ್ತೆ ಅಂತ ಗೊತ್ತಿತ್ತು, ಬುದ್ಧಿ."